ಕಿರುತೆರೆಯ ನಾಯಕಿಯರೂ ನಮ್ಮೂರ ಹುಡುಗಿಯರೂ

(ಬಾನುಲಿ ಭಾಷಣದ ಪೂರ್ಣಪಾಠ)



ಬಾಲ್ಯದಲ್ಲಿ ನೋಡಿದ ದೂರದರ್ಶನದ ನಾಯಕಿಯರ ಬಗೆಗೆ ಮಾತನಾಡಬೇಕೆಂದು ಕೇಳಿದಾಗ ಮೊದಲು ನನಗೆ ನಗು ಬಂದಿತು. ಪೆಟ್ಟಿಗೆಯೊಳಗಿನ ಹೆಂಗಸರ ಕುರಿತು ಪೆಟ್ಟಿಗೆಯೊಳಗಿನ ಇನ್ನೊಬ್ಬ ಹೆಂಗಸು ಮಾತನಾಡುವುದು ವಿನೋದದ ಸಂಗತಿಯಲ್ಲವೆ? ಆದರೆ ಯೋಚಿಸುತ್ತ ಕುಳಿತಂತೆ ನಗು ಹಿಂದೆ ಸರಿಯಿತು. ನಾನು ಇಂದು ದೇವದುರ್ಗದ ಒಂದು ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಿದ್ದೇನೆ. ಅಲ್ಲಿಗೆ ನಾನು ಬಂದು ಮುಟ್ಟಿದ ದಾರಿಯಲ್ಲಿ ಒಂದು ಧಾರಾವಾಹಿಯೂ ಇದೆ, ಒಂದು ಹೊಸ್ತಿಲೂ ಇದೆ. ಆ ಎರಡರ ಲೆಕ್ಕವನ್ನೂ ತಮ್ಮ ಮುಂದಿಡುವುದು ನನ್ನ ಉದ್ದೇಶ.

ಟೆಲಿವಿಷನ್ ಬರುವ ಮೊದಲು ನಮ್ಮ ಹೆಣ್ಣುಮಕ್ಕಳಿಗೆ ನಾಯಕಿಯರೇ ಇರಲಿಲ್ಲವೆಂದು ಯಾರೂ ತಿಳಿಯಬಾರದು. ಮಾನ್ವಿಯ ನಮ್ಮ ಮನೆಯಲ್ಲಿ ಅಜ್ಜಿ ಜೋಳ ಬೀಸುವಾಗ ‘ಕೆರೆಗೆ ಹಾರ’ದ ಭಾಗೀರಥಿಯ ಕಥೆಯನ್ನು ಹಾಡುತ್ತಿದ್ದಳು. ಟೂರಿಂಗ್ ಟಾಕೀಸಿನಲ್ಲಿ ಬಿ. ಸರೋಜಾದೇವಿಯವರು ಅಭಿನಯಿಸಿದ 1961ರ ‘ಕಿತ್ತೂರು ಚೆನ್ನಮ್ಮ’ ಚಿತ್ರವನ್ನು ನೋಡಿ ಬಂದ ಓಣಿಯ ಹೆಂಗಸರು ವಾರಗಟ್ಟಲೆ ಅದನ್ನೇ ಆಡಿಕೊಳ್ಳುತ್ತಿದ್ದರು. ಪುಟ್ಟಣ್ಣ ಕಣಗಾಲರ 1972ರ ‘ನಾಗರಹಾವು’ ಚಿತ್ರದಲ್ಲಿ ಜಯಂತಿಯವರು ಒನಕೆ ಎತ್ತಿ ನಿಂತ ಭಂಗಿಯನ್ನು ನಮ್ಮ ಓಣಿಯ ಹುಡುಗಿಯರು ನಿಜವಾದ ಒನಕೆಯನ್ನೇ ಹಿಡಿದು ಅನುಕರಿಸಿ, ಹಿರಿಯರಿಂದ ಬೈಸಿಕೊಳ್ಳುತ್ತಿದ್ದರು. ಇನ್ನೂ ಹಿಂದಕ್ಕೆ ಹೋಗುವುದಾದರೆ ರಾಯಚೂರಿನ ಕೋಟೆಯೇ ಇದೆ. ಅದರ ಗೋಡೆಯಲ್ಲಿ ನಲವತ್ತು ಅಡಿಗಳಷ್ಟು ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ 1294ರ ಶಾಸನವಿದೆ. ಕಾಕತೀಯರ ಕಾಲದ ಕೆಲಸವದು. ಅದಕ್ಕೆ ಕೆಲವೇ ವರ್ಷ ಮೊದಲು ಆ ಮನೆತನದ ಸಿಂಹಾಸನದ ಮೇಲೆ ರುದ್ರಮದೇವಿ ಎಂಬ ಹೆಣ್ಣು ಕುಳಿತಿದ್ದಳು.

ಇಷ್ಟೆಲ್ಲ ಇದ್ದರೂ ಈ ನಾಯಕಿಯರನ್ನು ಸಾಲಾಗಿ ನಿಲ್ಲಿಸಿ ನೋಡಿದರೆ ಒಂದು ಮಾತು ಹೊಳೆಯುತ್ತದೆ. ಭಾಗೀರಥಿ ಊರಿಗೆ ನೀರು ಬರಲೆಂದು ಕೆರೆಗೆ ಹಾರವಾದಳು. ಮಳೆಗಾಗಿ ಮುಗಿಲು ನೋಡುವ ನಮ್ಮ ಸೀಮೆಯಲ್ಲಿ ಆ ಕಥೆ ಇನ್ನೂ ಆಳವಾಗಿ ನಾಟುತ್ತದೆ. ಓಬವ್ವ ಕೋಟೆಯನ್ನು ಉಳಿಸಿ ಅಲ್ಲಿಯೇ ಮಡಿದಳು. 1824ರಲ್ಲಿ ಇಂಗ್ಲಿಷರ ಪಡೆಯನ್ನು ಸೋಲಿಸಿದ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ರುದ್ರಮದೇವಿಯಂತೂ ಆಳಬೇಕಾದರೆ ರುದ್ರದೇವ ಮಹಾರಾಜನೆಂಬ ಗಂಡು ಹೆಸರನ್ನು ಧರಿಸಬೇಕಾಯಿತು. ಇವರೆಲ್ಲರೂ ಪೂಜ್ಯರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಇವರನ್ನು ನೋಡಿ ಏನನ್ನು ಕಲಿಯಬೇಕು? ದೊಡ್ಡವಳಾಗಬೇಕಾದರೆ ಒಂದೋ ಸಾಯಬೇಕು, ಇಲ್ಲವೆ ಗಂಡಸಾಗಬೇಕು ಎಂದೆ? ನಮ್ಮ ವೀರನಾರಿಯರಿಗೆ ಪದಗಳಿವೆ, ಪ್ರತಿಮೆಗಳಿವೆ. ಪಿಂಚಣಿ ಪಡೆದು ಮುಪ್ಪನ್ನು ಕಂಡವರು ಮಾತ್ರ ಯಾರೂ ಇಲ್ಲ.

ಇನ್ನು ಟೆಲಿವಿಷನ್ನಿನ ವಿಷಯಕ್ಕೆ ಬರುತ್ತೇನೆ. ನಮ್ಮ ಜಿಲ್ಲೆಗೂ ಟೆಲಿವಿಷನ್ನಿಗೂ ಇರುವ ನಂಟು ಬೆಂಗಳೂರಿನದಕ್ಕಿಂತ ಹಳೆಯದು ಎಂದರೆ ಇಂದಿನ ಹುಡುಗರು ನಂಬುವುದಿಲ್ಲ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅದಕ್ಕೂ ಮೊದಲು, 1975ರ ಆಗಸ್ಟಿನಿಂದ 1976ರ ಜುಲೈವರೆಗೆ, ‘ಸೈಟ್’ ಎಂಬ ಉಪಗ್ರಹ ಶಿಕ್ಷಣ ಪ್ರಯೋಗ ನಡೆಯಿತು. ಅಮೆರಿಕದಿಂದ ಎರವಲು ಪಡೆದ ಒಂದು ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಚಿತ್ರ ಇಳಿದು ಬಂದಿತು. ಕರ್ನಾಟಕದಲ್ಲಿ ಆ ಭಾಗ್ಯ ದೊರೆತದ್ದು ಅಂದಿನ ಗುಲ್ಬರ್ಗ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ. ಮುಂಜಾನೆ ಶಾಲೆಯ ಮಕ್ಕಳಿಗಾಗಿ, ಸಂಜೆ ಹಿರಿಯರಿಗಾಗಿ ಕಾರ್ಯಕ್ರಮಗಳಿರುತ್ತಿದ್ದವು.

ನಾನು ಹುಟ್ಟಿದ್ದು ಆ ಪ್ರಯೋಗ ಮುಗಿದ ವರ್ಷ. ಅದನ್ನು ಕಂಡವಳು ನನಗಿಂತ ಹತ್ತು ವರ್ಷ ಹಿರಿಯಳಾದ ನನ್ನ ಅಕ್ಕ. ಆಗ ಆಕೆ ಜಿಲ್ಲೆಯ ಒಂದು ಹಳ್ಳಿಯಲ್ಲಿ ತಾಯಿಯ ತಾಯಿಯ ಮನೆಯಲ್ಲಿದ್ದು ಓದುತ್ತಿದ್ದಳು. ಶಾಲೆಯ ಬಳಿ ಕೋಳಿಗೂಡಿನ ಜಾಲರಿಯಂಥ ತಂತಿಯಿಂದ ಮಾಡಿದ ದೊಡ್ಡದೊಂದು ಛತ್ರಿಯನ್ನು ಮುಗಿಲಿಗೆ ಮುಖಮಾಡಿ ನಿಲ್ಲಿಸಿದ್ದರೆಂದೂ, ಅದರೊಳಗೆ ಹಕ್ಕಿ ಕೂತರೆ ಚಿತ್ರ ಕೆಡುತ್ತದೆಂದು ಹುಡುಗರು ಕಲ್ಲು ಹಿಡಿದು ಕಾಯುತ್ತಿದ್ದರೆಂದೂ ಆಕೆ ಹೇಳುತ್ತಿದ್ದಳು. ಒಂದು ವರ್ಷ ತುಂಬಿತು; ಉಪಗ್ರಹವನ್ನು ಅದರ ಒಡೆಯರು ಹಿಂದಕ್ಕೆ ಕರೆಸಿಕೊಂಡರು; ಪೆಟ್ಟಿಗೆ ಕುರುಡಾಯಿತು. ಏಳನೆಯ ಇಯತ್ತೆ ಮುಗಿದ ಮೇಲೆ ಅಕ್ಕನನ್ನೂ ಶಾಲೆಯಿಂದ ಹಿಂದಕ್ಕೆ ಕರೆಸಿಕೊಂಡರು. ಹದಿನಾರನೆಯ ವಯಸ್ಸಿಗೆ ದೇವದುರ್ಗಕ್ಕೆ ಕೊಟ್ಟು ಮದುವೆ ಮಾಡಿದರು. ಹೆಣ್ಣಿನ ಮದುವೆಗೆ ಹದಿನೆಂಟು ತುಂಬಿರಬೇಕೆಂಬ ಕಾನೂನು 1978ರಲ್ಲಿಯೇ ಬಂದಿತ್ತು. ಆದರೆ ಅದು ನಮ್ಮ ಮನೆಯವರೆಗೆ ಬಂದಿರಲಿಲ್ಲ.

ನಾನು ಮೊದಲು ಟೆಲಿವಿಷನ್ ನೋಡಿದ್ದು ಪರರ ಮನೆಯ ಹೊಸ್ತಿಲಾಚೆ ನಿಂತು. ಅದು 1985. ಊರಿಗೆ ವರ್ಗವಾಗಿ ಬಂದಿದ್ದ ಬ್ಯಾಂಕಿನ ಅಧಿಕಾರಿಯೊಬ್ಬರ ಮನೆಯ ಮಾಳಿಗೆಯ ಮೇಲೆ ತೆಂಗಿನಮರದಷ್ಟು ಎತ್ತರದ ಕಂಬ ಎದ್ದಿತು. ಅದರ ತುದಿಯಲ್ಲಿ ಮೀನಿನ ಎಲುಬಿನಂಥ ಆಂಟೆನಾ. ಮೇಲೆ ಒಬ್ಬರು ಅದನ್ನು ತಿರುಗಿಸುವುದು, ಕೆಳಗಿನಿಂದ ಇನ್ನೊಬ್ಬರು ‘ಬಂತು, ಬಂತು, ಹೋಯ್ತು’ ಎಂದು ಕೂಗುವುದು ಓಣಿಗೆಲ್ಲ ಕೇಳಿಸುತ್ತಿತ್ತು. ಅಂಥ ಹಿಮ ಸುರಿಯುವ ಪರದೆಯ ಮೇಲೆ ನಾನು ಕಂಡ ಮೊದಲ ನಾಯಕಿ ‘ರಜನಿ’. ಬಸು ಚಟರ್ಜಿಯವರು ನಿರ್ದೇಶಿಸಿದ ಆ ಧಾರಾವಾಹಿಯಲ್ಲಿ ರಜನಿಯಾದವರು ಮರಾಠಿಯ ನಾಟಕಕಾರ ವಿಜಯ ತೆಂಡೂಲ್ಕರರ ಮಗಳು ಪ್ರಿಯಾ ತೆಂಡೂಲ್ಕರ್. ಈ ರಜನಿಗೆ ಖಡ್ಗವಿಲ್ಲ, ಕುದುರೆಯಿಲ್ಲ. ಅಡಿಗೆ ಅನಿಲದ ಸಿಲಿಂಡರು, ಬಾಡಿಗೆ ಕಾರಿನವನ ಮೊಂಡುತನ, ಇಂಥವೇ ಆಕೆಯ ರಣರಂಗಗಳು. ಆಕೆ ಕೇಳುತ್ತಿದ್ದುದು ಒಂದೇ: ‘ಹೀಗೇಕೆ?’ ಆ ಪ್ರಶ್ನೆ ಎಷ್ಟು ಚುಚ್ಚಿತೆಂದರೆ ಬೊಂಬಾಯಿಯ ಟ್ಯಾಕ್ಸಿ ಚಾಲಕರು ಧಾರಾವಾಹಿಯ ವಿರುದ್ಧವೇ ಪ್ರತಿಭಟನೆ ನಡೆಸಿದರು. ಕಥೆಯ ಹೆಣ್ಣೊಬ್ಬಳ ಮಾತಿಗೆ ನಿಜವಾದ ಗಂಡಸರು ಬೀದಿಗಿಳಿದದ್ದು ನಮಗೆ ಹೊಸ ಸಂಗತಿ. ಮಾರನೆಯ ವರ್ಷ, 1986ರಲ್ಲಿ, ಗ್ರಾಹಕರ ರಕ್ಷಣೆಯ ಕಾಯಿದೆಯೂ ಬಂದಿತು. ಕಾಯಿದೆಗೆ ರಜನಿಯೇ ಕಾರಣಳೆಂದು ನಾನು ಹೇಳುವುದಿಲ್ಲ. ಗಾಳಿ ಯಾವ ಕಡೆಗೆ ಬೀಸುತ್ತಿತ್ತೆಂಬುದಕ್ಕೆ ಅದೊಂದು ಗುರುತು.

1987ರಲ್ಲಿ ‘ರಾಮಾಯಣ’ ಆರಂಭವಾದಾಗ ನಮ್ಮ ಮನೆಗೂ ಕಪ್ಪು-ಬಿಳುಪಿನ ಪೆಟ್ಟಿಗೆ ಬಂದಿತು. ಎರಡು ಕಡೆಯಿಂದ ಎಳೆದು ಮುಚ್ಚುವ ಮರದ ಬಾಗಿಲು ಅದಕ್ಕೆ. ಮೇಲೆ ಅವ್ವ ಹೆಣೆದ ಹೊದಿಕೆ. ನಮ್ಮ ಅಪ್ಪ ಅರಳೆಯ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಓದಿದವರಾದ್ದರಿಂದ ಅವರಿಗೆ ಹಿಂದಿ ಸಲೀಸಾಗಿ ತಿಳಿಯುತ್ತಿತ್ತು. ಅವ್ವನಿಗೆ, ಅಜ್ಜಿಗೆ ತಿಳಿಯುತ್ತಿರಲಿಲ್ಲ. ಹೀಗಾಗಿ ಪೆಟ್ಟಿಗೆಯ ಪಕ್ಕದಲ್ಲಿ ಅಪ್ಪನದೊಂದು ಕುರ್ಚಿ ಸ್ಥಿರವಾಯಿತು. ಪಾತ್ರಗಳು ಹಿಂದಿಯಲ್ಲಿ ಆಡಿದ್ದನ್ನು ಅವರು ನಮ್ಮ ಮಾನ್ವಿಯ ಕನ್ನಡದಲ್ಲಿ ಬಿಡಿಸಿ ಹೇಳುವರು. 1988ರಲ್ಲಿ ‘ಮಹಾಭಾರತ’ ಬಂದಿತು. ರೂಪಾ ಗಂಗೂಲಿಯವರ ದ್ರೌಪದಿ ಸಭೆಯಲ್ಲಿ ನಿಂತು, ತನ್ನನ್ನು ತಾನು ಮೊದಲೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕೆಲ್ಲಿಂದ ಬಂತೆಂದು ಕೇಳಿದಾಗ ಅಪ್ಪನ ಅನುವಾದ ಬೇಕಾಗಲೇ ಇಲ್ಲ. ಗದುಗಿನ ಭಾರತದ ವಾಚನ ಕೇಳಿ ಬೆಳೆದ ಅಜ್ಜಿ ತಾನೇ ಮುಂದಾಗಿ ಹೇಳಿಬಿಟ್ಟಳು. ಸಭೆಯ ಹಿರಿಯರು ತಲೆ ತಗ್ಗಿಸಿದ್ದನ್ನು ಕಂಡು ಆಕೆಗೆ ಏನೋ ಸಮಾಧಾನ.

ಆದರೆ ನಮ್ಮ ಮನೆಯನ್ನು ಒಳಗಿನಿಂದ ಅಲುಗಿಸಿದ್ದು 1989ರ ‘ಉಡಾನ್’. ಉಡಾನ್ ಎಂದರೆ ಹಾರಾಟ. ಅದನ್ನು ಬರೆದವರು, ನಿರ್ದೇಶಿಸಿದವರು, ನಾಯಕಿಯಾಗಿ ಅಭಿನಯಿಸಿದವರು ಮೂವರೂ ಒಬ್ಬರೇ: ಕವಿತಾ ಚೌಧರಿ. ಓಣಿಯ ಹೆಂಗಸರಿಗೆ ಆ ಮುಖ ಮೊದಲೇ ಪರಿಚಿತ. ಸರ್ಫ್ ಪುಡಿಯ ಜಾಹೀರಾತಿನಲ್ಲಿ ಪೈಸೆಪೈಸೆಗೆ ಲೆಕ್ಕ ಕೇಳುತ್ತಿದ್ದ ಲಲಿತಾಜಿ ಅವರೇ. ಆ ಲಲಿತಾಜಿ ಖಾಕಿ ಉಡುಪು ತೊಟ್ಟು ಕಲ್ಯಾಣಿ ಸಿಂಗ್ ಎಂಬ ಪೊಲೀಸ್ ಅಧಿಕಾರಿಯಾಗಿ ಬಂದುದು ಎಲ್ಲರಿಗೂ ಸೋಜಿಗ. ಕಥೆಗೆ ಆಧಾರ ಕವಿತಾ ಅವರ ಸ್ವಂತ ಅಕ್ಕ ಕಾಂಚನ್ ಚೌಧರಿ ಭಟ್ಟಾಚಾರ್ಯ ಅವರ ಬಾಳು. 1972ರಲ್ಲಿ ಕಿರಣ್ ಬೇಡಿಯವರು ಭಾರತೀಯ ಪೊಲೀಸ್ ಸೇವೆಯನ್ನು ಸೇರಿದ ಮೊದಲ ಮಹಿಳೆಯಾದರು. ಮರುವರ್ಷವೇ ಸೇರಿದವರು ಕಾಂಚನ್. ಅವರು 2004ರಲ್ಲಿ ಉತ್ತರಾಖಂಡದ ಪೊಲೀಸ್ ಮಹಾನಿರ್ದೇಶಕರಾದಾಗ ದೇಶದ ರಾಜ್ಯವೊಂದರಲ್ಲಿ ಆ ಹುದ್ದೆಗೇರಿದ ಮೊದಲ ಮಹಿಳೆಯೆನಿಸಿದರು. ನಮ್ಮ ಕರ್ನಾಟಕದಲ್ಲಿ ಆ ಸ್ಥಾನವನ್ನು ನೀಲಮಣಿ ರಾಜು ಅವರು ಅಲಂಕರಿಸಿದ್ದು 2017ರಲ್ಲಿ. ಕಾಂಚನ್ 2019ರಲ್ಲಿ, ಕವಿತಾ 2024ರಲ್ಲಿ ತೀರಿಕೊಂಡರು.

ಕಲ್ಯಾಣಿಯ ಕಥೆಯಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಖಾಕಿಯಲ್ಲ. ಆಕೆಯದು ಜಮೀನಿನ ಜಗಳದಲ್ಲಿ ನೊಂದ ಮನೆ. ಅಂಥ ಜಗಳವನ್ನು ಕಾಣದ ಮನೆ ನಮ್ಮ ತಾಲೂಕಿನಲ್ಲಿ ಯಾವುದಿದೆ? ಆ ಮನೆಯಲ್ಲಿ ಮಗಳ ಬೆನ್ನಿಗೆ ನಿಲ್ಲುವ ತಂದೆಯೊಬ್ಬನಿದ್ದ. ಇಂಥ ಅಪ್ಪನನ್ನು ನಮ್ಮ ಹಾಡುಗಳು ತೋರಿಸಿರಲಿಲ್ಲ. ಭಾಗೀರಥಿ ತವರಿಗೆ ಹೋಗಿ ನಿಂತಾಗಲೂ ತಡೆಯುವವರು ಯಾರೂ ಸಿಗಲಿಲ್ಲವಲ್ಲ! ಇಲ್ಲಿ ಮಗಳು ಓದುತ್ತಾಳೆ, ಪರೀಕ್ಷೆಗೆ ಕೂಡುತ್ತಾಳೆ, ನೌಕರಿ ಹಿಡಿಯುತ್ತಾಳೆ, ಸಂಬಳ ತರುತ್ತಾಳೆ. ಸಾಯುವುದಿಲ್ಲ. ಗಂಡು ಹೆಸರನ್ನೂ ಇಟ್ಟುಕೊಳ್ಳುವುದಿಲ್ಲ. ಮುಂದಿನ ವಾರ ಮತ್ತೆ ಬರುತ್ತಾಳೆ. ಧಾರಾವಾಹಿಯೆಂಬ ರೂಪದ ದೊಡ್ಡ ಕೊಡುಗೆ ಇದೇ ಎಂದು ನನಗೆ ಈಗ ತೋರುತ್ತದೆ. ಮುಂದಿನ ವಾರವೂ ಬದುಕಿರುವ ನಾಯಕಿಯನ್ನು ಅದು ನಮಗೆ ಕೊಟ್ಟಿತು.

ಆ ದಿನಗಳಲ್ಲಿ ಅಕ್ಕ ಮೂರನೆಯ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹುಟ್ಟಿದ ಕೂಸು ಹೆಣ್ಣು. ಅದನ್ನು ತೊಡೆಯ ಮೇಲೆ ಹಾಕಿಕೊಂಡು ಕಂಬಕ್ಕೊರಗಿ ‘ಉಡಾನ್’ ನೋಡುತ್ತಿದ್ದಳು. ತಂದೆ ಮಗಳಿಗೆ ಧೈರ್ಯ ಹೇಳುವ ಸನ್ನಿವೇಶ ಬಂದರೆ ಅಪ್ಪನ ಅನುವಾದ ಮೆಲ್ಲಗಾಗುತ್ತಿತ್ತು. ಕೆಲವೊಮ್ಮೆ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿಕೊಳ್ಳುವರು. ಅಕ್ಕ ಒಂದು ಮಾತನ್ನೂ ಆಡಿದವಳಲ್ಲ. ಐದು ತಿಂಗಳು ತುಂಬಿದ ಮೇಲೆ ಕೂಸನ್ನು ಕಟ್ಟಿಕೊಂಡು ದೇವದುರ್ಗಕ್ಕೆ ಹೊರಟುಹೋದಳು.

1992ರಲ್ಲಿ ನಾನು ಹತ್ತನೆಯ ತರಗತಿಯನ್ನು ಮುಗಿಸಿದೆ. ಮುಂದೆ ಓದಬೇಕಾದರೆ ರಾಯಚೂರಿಗೆ ಹೋಗಿ ಹಾಸ್ಟೆಲಿನಲ್ಲಿರಬೇಕೆಂಬ ಮಾತು ಬಂದಿತು. ಅಪ್ಪ ಒಪ್ಪಲಿಲ್ಲ. ಗಂಡು ನೋಡುವ ಮಾತೂ ಸುಳಿದಾಡತೊಡಗಿತು. ಯಾರು ಹೇಳಿ ಕಳಿಸಿದರೋ, ಒಂದು ದಿನ ಮಧ್ಯಾಹ್ನದ ಬಸ್ಸಿಗೆ ಅಕ್ಕ ಬಂದಿಳಿದಳು. ಕಾಲಿಗೆ ನೀರು ಹಾಕಿಕೊಂಡವಳೇ ಅಪ್ಪನ ಕುರ್ಚಿಯ ಮುಂದೆ ಕುಳಿತಳು. ಆಕೆ ಆಡಿದ ಮಾತನ್ನು ಆಕೆಯ ಭಾಷೆಯಲ್ಲಿಯೇ ಹೇಳಬೇಕು:

“ಯಪ್ಪಾ, ಟೀವ್ಯಾಗಿನ ಹುಡುಗಿಗೆ ಅವರಪ್ಪ ಏನಂದಾನ ಅಂತ ನಮಗ ಬಿಡಿಸಿ ಹೇಳಿದಾವ ನೀನ. ಮಗಳು ಓದ್ಲಿ ಅಂದದ್ದು ನಿನ್ನ ಬಾಯಿಲೇ ಕೇಳೀನಿ ನಾ. ಆ ಮಾತು ಹಿಂದ್ಯಾಗ ಅಷ್ಟ ಖರೆ ಏನು? ಕನ್ನಡದಾಗ ಸುಳ್ಳೇನು?”

ಅಪ್ಪ ಉತ್ತರ ಕೊಡಲಿಲ್ಲ. ಆ ರಾತ್ರಿ ಊಟವನ್ನೂ ಸರಿಯಾಗಿ ಮಾಡಲಿಲ್ಲ. ಮರುದಿನ ಅಂಗಡಿಗೆ ಹೊರಡುವಾಗ ನನ್ನ ಅಂಕಪಟ್ಟಿಯನ್ನು ಮಡಿಸಿ ಕೋಟಿನ ಜೇಬಿನಲ್ಲಿಟ್ಟುಕೊಂಡರು. ಸಂಜೆ ರಾಯಚೂರಿನಿಂದ ಕಾಲೇಜಿನ ಅರ್ಜಿಯೊಂದಿಗೆ ಬಂದರು. ತನಗೆ ದೊರೆಯದಿದ್ದುದನ್ನು ತಂಗಿಗಾಗಿ ಕೇಳಲು ಅಕ್ಕ ಬಸ್ಸು ಹತ್ತಿ ಬಂದಿದ್ದಳು. ನಾನು ಅಧ್ಯಾಪಕಿಯಾದದ್ದು ಹೀಗೆ.

ಶ್ರೋತೃಗಳೆ, ಇಲ್ಲಿಗೇ ನಿಲ್ಲಿಸಿದ್ದರೆ ಇದೊಂದು ಮಂಗಳದ ಕಥೆಯಾಗುತ್ತಿತ್ತು. ಆದರೆ ಹೊಸ್ತಿಲಿನ ಲೆಕ್ಕವೊಂದು ಉಳಿದಿದೆಯೆಂದು ಮೊದಲೇ ಹೇಳಿದ್ದೇನೆ.

ನಮ್ಮ ಮನೆಗೆ ಪೆಟ್ಟಿಗೆ ಬಂದ ಮೇಲೆ ನಾನು ಒಳಗೆ ಚಾಪೆಯ ಮೇಲೆ ಕುಳಿತು ನೋಡುವವಳಾದೆ. ನಾನು ಮೊದಲು ನಿಲ್ಲುತ್ತಿದ್ದಂತೆ ಈಗ ನಮ್ಮ ಹೊಸ್ತಿಲಾಚೆ ಇನ್ನೊಬ್ಬಳು ನಿಲ್ಲತೊಡಗಿದಳು. ನನ್ನದೇ ತರಗತಿಯವಳು, ಲೆಕ್ಕದಲ್ಲಿ ನನಗಿಂತ ಚುರುಕು. ಆಕೆಯ ತಾಯಿ ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಆಕೆಯ ಜಾತಿಯ ಕಾರಣದಿಂದ ಅಜ್ಜಿ ಆಕೆಯನ್ನು ಒಳಗೆ ಕರೆಯಗೊಡಲಿಲ್ಲ. ಮನೆಯಲ್ಲಿ ಯಾರೂ ಎದುರಾಡಲಿಲ್ಲ, ನಾನೂ ಆಡಲಿಲ್ಲ. ದ್ರೌಪದಿಯ ಪ್ರಶ್ನೆಗೆ ತಲೆದೂಗಿದ ಅಜ್ಜಿಯೂ ಅವಳೇ ಎಂಬುದನ್ನು ನಾನು ಮರೆಮಾಚುವುದಿಲ್ಲ. ಅಪ್ಪನ ಅನುವಾದವೇನೋ ಹೊಸ್ತಿಲಾಚೆಗೂ ಕೇಳಿಸುತ್ತಿತ್ತು. ಕಲ್ಯಾಣಿ ತರಬೇತಿ ಮುಗಿಸಿ ಖಾಕಿಯಲ್ಲಿ ಕಾಣಿಸಿಕೊಂಡ ದಿನ ಆ ಹುಡುಗಿ ನಿಂತಲ್ಲಿಂದಲೇ ಕೇಳಿದಳು: “ಆಕಿಗೆ ಪಗಾರ ಎಷ್ಟು ಇರ್ತದ?” ಎಲ್ಲರೂ ನಕ್ಕರು. ನಾನೂ ನಕ್ಕೆ.

ಅದರ ಮುಂದಿನ ಹತ್ತಿಯ ಸುಗ್ಗಿಗೆ ಆಕೆ ಶಾಲೆಗೆ ಬರುವುದು ನಿಂತಿತು. ಬೇಸಿಗೆಯಲ್ಲಿ ಮದುವೆಯಾಯಿತೆಂದು ಕೇಳಿದೆ. ನನಗಾಗಿ ಬಸ್ಸಿನಲ್ಲಿ ಒಬ್ಬ ಅಕ್ಕ ಬಂದಿಳಿದಳು. ಆಕೆಗಾಗಿ ಯಾರೂ ಬರಲಿಲ್ಲ. ಎರಡು ಓಣಿಗಳಾಚೆಯ ಮನೆಗೆ ನಡೆದು ಹೋಗಿ ‘ಏಕೆ ಬರುತ್ತಿಲ್ಲ?’ ಎಂದು ಕೇಳಬಹುದಾಗಿದ್ದವಳು ನಾನು. ರಜನಿಯಿಂದ ‘ಹೀಗೇಕೆ?’ ಎಂಬ ಪ್ರಶ್ನೆಯನ್ನು ಕಲಿತೆನೆಂದು ಹೆಮ್ಮೆಪಡುತ್ತಿದ್ದ ನಾನು ಅದನ್ನು ಕೇಳಬೇಕಾದ ಕಡೆ ಕೇಳಲಿಲ್ಲ.

ಒಂದೇ ಪೆಟ್ಟಿಗೆ, ಒಂದೇ ಧಾರಾವಾಹಿ, ಒಂದೇ ಅನುವಾದ. ಫಲ ಮಾತ್ರ ಬೇರೆ ಬೇರೆ. ಹೀಗಿರುವಾಗ ಕಿರುತೆರೆಯ ನಾಯಕಿಯರ ಪ್ರಭಾವವೆಂಬುದನ್ನು ನಾವು ಹೇಗೆ ಅಳೆಯಬೇಕು? ಆಸೆ ಹುಟ್ಟಿಸುವ ಕೆಲಸವನ್ನು ಅವರು ಮಾಡಿದರು, ಅದೇನೂ ಸಣ್ಣದಲ್ಲ. ಆ ಹುಡುಗಿಯ ಪ್ರಶ್ನೆಯೇ ಅದಕ್ಕೆ ಸಾಕ್ಷಿ. ಆಕೆ ಕಲ್ಯಾಣಿಯ ಶೌರ್ಯವನ್ನು ಕೊಂಡಾಡಲಿಲ್ಲ, ಸಂಬಳವನ್ನು ಕೇಳಿದಳು. ಅಂದರೆ ಕಥೆಯನ್ನು ಕಥೆಯೆಂದು ನೋಡದೆ, ತಾನು ಹಿಡಿಯಬಹುದಾದ ಒಂದು ಕೆಲಸವೆಂದು ನೋಡಿದಳು. ನಮ್ಮೆಲ್ಲರಿಗಿಂತ ಚೆನ್ನಾಗಿ ‘ಉಡಾನ್’ ಅರ್ಥವಾದದ್ದು ಆಕೆಗೇ. ಆದರೆ ಹುಟ್ಟಿದ ಆಸೆಯನ್ನು ಕೈಹಿಡಿದು ಹೊಸ್ತಿಲು ದಾಟಿಸುವುದು ಪರದೆಯ ನಾಯಕಿಯಿಂದ ಆಗದು. ಅದಕ್ಕೆ ಪರದೆಯ ಈಚೆ ಒಬ್ಬ ಅಕ್ಕ ಬೇಕು, ಒಬ್ಬ ಅಪ್ಪ ಬೇಕು, ಕೊನೆಗೆ ವಿಚಾರಿಸಿಕೊಂಡು ಬರುವ ಒಬ್ಬ ಗೆಳತಿಯಾದರೂ ಬೇಕು.

1998ರಲ್ಲಿ ಟಿ. ಎನ್. ಸೀತಾರಾಮ್ ಮತ್ತು ಸಂಗಡಿಗರ ‘ಮಾಯಾಮೃಗ’ ಬಂದಾಗ ನಾನು ಆಗಲೇ ನೌಕರಿಗೆ ಸೇರಿದ್ದೆ. ಕಥೆಯ ಹೆಂಗಸರು ಕನ್ನಡದಲ್ಲಿಯೇ ಯೋಚಿಸಿ, ಕನ್ನಡದಲ್ಲಿಯೇ ವಾದಿಸುತ್ತಿದ್ದರು. ಅವ್ವನಿಗೆ ಇನ್ನು ಅನುವಾದಕರು ಬೇಕಾಗಲಿಲ್ಲ. ಅಪ್ಪನ ಕುರ್ಚಿ ತುಸು ಹಿಂದಕ್ಕೆ ಸರಿಯಿತು. ಅನಂತರ ಖಾಸಗಿ ವಾಹಿನಿಗಳು ಬಂದವು. ಅಳುವ ಸೊಸೆ, ಹಲ್ಲು ಕಡಿಯುವ ಅತ್ತೆ, ರೇಷ್ಮೆ ಸೀರೆಯಲ್ಲಿಯೇ ಮಲಗಿ ಏಳುವ ಹೆಂಗಸರು ಸಂಜೆಗಳನ್ನು ತುಂಬಿದರು. ಕಾಲ ಕೆಟ್ಟಿತೆಂದು ಗೊಣಗುವುದು ನನ್ನ ಇರಾದೆಯಲ್ಲ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಹೆಂಗಸರಲ್ಲಿ ಓದುಬರಹ ಬಲ್ಲವರು ಅರ್ಧದಷ್ಟೂ ಇರಲಿಲ್ಲವೆಂಬ ಸಂಗತಿ ಯಾವ ಧಾರಾವಾಹಿಗಿಂತಲೂ ಹೆಚ್ಚು ಕಾಡುತ್ತದೆ. ಈಗಲೂ ಹತ್ತಿ ಬಿಡಿಸುವ ಕಾಲ ಬಂದರೆ ನನ್ನ ಹಾಜರಿ ಪುಸ್ತಕದಲ್ಲಿ ಖಾಲಿ ಮನೆಗಳು ಹೆಚ್ಚುತ್ತವೆ. ಅವು ಬಹುಪಾಲು ಹುಡುಗಿಯರ ಹೆಸರಿನ ಮುಂದೆಯೇ. ಈಗ ನಾನು ಆ ಮನೆಗಳಿಗೆ ನಡೆದು ಹೋಗುತ್ತೇನೆ. ಎಲ್ಲರೂ ತಿರುಗಿ ಬರುತ್ತಾರೆಂದಲ್ಲ. ಕೆಲವರು ಬರುತ್ತಾರೆ.

ಕೊನೆಯದಾಗಿ ಒಂದು ಸಣ್ಣ ಪ್ರಸಂಗ. ನವೆಂಬರ್ 11ನ್ನು ಒನಕೆ ಓಬವ್ವ ಜಯಂತಿಯೆಂದು ಆಚರಿಸುವ ಪರಿಪಾಠವನ್ನು ಸರ್ಕಾರ 2021ರಲ್ಲಿ ಆರಂಭಿಸಿತು. ಅಂಥದೊಂದು ಜಯಂತಿಗೆ ನಮ್ಮ ಶಾಲೆಗೆ ಮಹಿಳಾ ಸಬ್ ಇನ್ಸ್ಪೆಕ್ಟರೊಬ್ಬರು ಅತಿಥಿಯಾಗಿ ಬಂದಿದ್ದರು. ಓಬವ್ವನ ಸಾಹಸದ ಮೇಲೆ ಭಾಷಣಗಳಾದವು. ಏನಾದರೂ ಕೇಳುವುದಿದ್ದರೆ ಕೇಳಿರೆಂದು ಅತಿಥಿಗಳು ಹೇಳಿದಾಗ ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಎದ್ದು ನಿಂತಳು.

“ಮೇಡಂ, ನಿಮಗ ಪಗಾರ ಎಷ್ಟದ?”

ಸಭೆಯೆಲ್ಲ ನಕ್ಕಿತು. ನನಗೆ ನಗಲಾಗಲಿಲ್ಲ. ಆ ಅಧಿಕಾರಿಯೂ ನಗಲಿಲ್ಲ. ತಮ್ಮ ಸಂಬಳವೆಷ್ಟು, ಆ ಪರೀಕ್ಷೆಗೆ ಎಷ್ಟು ಓದಿರಬೇಕು, ಅರ್ಜಿ ಯಾವಾಗ ಕರೆಯುತ್ತಾರೆ ಎಂಬುದನ್ನೆಲ್ಲ ನಿಧಾನವಾಗಿ ಬಿಡಿಸಿ ಹೇಳಿದರು. ಹುಡುಗಿ ನೋಟುಪುಸ್ತಕದ ಕೊನೆಯ ಹಾಳೆಯನ್ನು ತೆರೆದು ಅದನ್ನು ಬರೆದುಕೊಂಡಳು.